ಮುಟ್ಟಬೇಡಿ, ಮಡಿಯಲ್ಲಿದ್ದಾಳೆ

ಟೋಕಿಯೊದ ನಿಶಿ-ಕಸಾಯ್‌ನಲ್ಲಿರುವ ನಮ್ಮ ಮನೆಯಲ್ಲಿ ಸರ್ಕಾರಿ ಗೌರವ ಇರುವುದು ಒಬ್ಬಳಿಗೇ. ನನ್ನದು ವರ್ಕ್ ವೀಸಾ, ಹೆಂಡತಿಯದು ಡಿಪೆಂಡೆಂಟ್ ವೀಸಾ, ತುಮಕೂರಿನಿಂದ ಬಂದಿರುವ ಅಮ್ಮನದು ಬಂಧುಗಳನ್ನು ನೋಡಿ ಹೋಗುವ ವೀಸಾ. ನಮ್ಮ ನಾಯಿ ಮೋಮೊ ಮಾತ್ರ ಶಿಬಾ ಇನು ಎಂಬ ಜಪಾನಿ ತಳಿಯವಳು. ಅವಳ ಇಡೀ ಕುಲವನ್ನೇ ಜಪಾನ್ ಸರ್ಕಾರ 1936ರಲ್ಲಿ ನೈಸರ್ಗಿಕ ಸ್ಮಾರಕವೆಂದು ಘೋಷಿಸಿಬಿಟ್ಟಿದೆ. ಸ್ಮಾರಕ ಅಂದಮೇಲೆ ಮುಟ್ಟುವ ಹಾಗಿಲ್ಲವಲ್ಲ, ಆ ನಿಯಮವನ್ನು ಅವಳಿಗೆ ಯಾರು ಓದಿ ಹೇಳಿದರೋ ಕಾಣೆ. ತಲೆ ಸವರಲು ಕೈ ಚಾಚಿದರೆ ಸಾಕು, ಕತ್ತನ್ನು ಒಂದಿಷ್ಟೇ ಇಷ್ಟು ಹಿಂದಕ್ಕೆಳೆದುಕೊಂಡು ಕೈ ಗಾಳಿಯಲ್ಲೇ ಉಳಿಯುವಂತೆ ಮಾಡುತ್ತಾಳೆ.

ಅಮ್ಮ ಬಾಗಿಲಲ್ಲೇ ನಿಂತು "ಅಯ್ಯೋ, ನರಿ ಸಾಕಿದ್ದೀರಾ?" ಎಂದಳು. ತಪ್ಪೇನಲ್ಲ. ಕೆಂಪು ಮೈ, ನೆಟ್ಟನೆಯ ತ್ರಿಕೋನದ ಕಿವಿ, ಕೆನ್ನೆಯಿಂದ ಹೊಟ್ಟೆಯವರೆಗೆ ಬಿಳಿ, ಬೆನ್ನಿನ ಮೇಲೆ ಸುರುಳಿ ಸುತ್ತಿದ ಬಾಲ, ಎತ್ತರ ಮೂವತ್ತೇಳು ಸೆಂಟಿಮೀಟರ್ ಆಸುಪಾಸು. ಆದರೆ ಅಮ್ಮನಿಗೆ ಚಿಂತೆಯಿದ್ದದ್ದು ಮಡಿಯದು. ಸ್ನಾನ ಮಾಡಿ ಪೂಜೆ ಮುಗಿಯುವವರೆಗೆ ನಾಯಿ ಸೋಕಬಾರದು ನೋಡಿ. ಮೋಮೊಗೂ ಬೆಳಗಿನ ಹೊತ್ತು ಯಾರೂ ಸೋಕಬಾರದು. ನಮ್ಮ ಮನೆಯೊಳಗಿನ ಇಕ್ಕಟ್ಟು ಓಣಿಯಲ್ಲಿ ಇಬ್ಬರೂ ಎದುರಾದರೆ, ಅಮ್ಮ ಸೆರಗು ಎತ್ತಿಕೊಂಡು ಬಲಗೋಡೆಗೆ, ಅವಳು ಬಾಲ ಎತ್ತಿಕೊಂಡು ಎಡಗೋಡೆಗೆ. ಪರಸ್ಪರ ಮುಖ ನೋಡದೆ ದಾಟುತ್ತಾರೆ. ಮೋಮೊ ಮಳೆಯಲ್ಲಿ ನೆಂದ ರಸ್ತೆಗೆ ಕಾಲಿಡುವುದಿಲ್ಲ, ಮನೆಯೊಳಗೆ ಗಲೀಜು ಮಾಡುವುದಿಲ್ಲ, ಗಂಟೆಗಟ್ಟಲೆ ಪಾದ ನೆಕ್ಕಿಕೊಂಡು ಚೊಕ್ಕಟ ಮಾಡಿಕೊಳ್ಳುತ್ತಾಳೆ. ಮೇಲಾಗಿ ಈರುಳ್ಳಿ, ಬೆಳ್ಳುಳ್ಳಿ ಎರಡೂ ನಿಷಿದ್ಧ; ನಾಯಿಗಳ ರಕ್ತದ ಕೆಂಪುಕಣಗಳನ್ನೇ ಅವು ಒಡೆದುಹಾಕುತ್ತವೆ. ಇದನ್ನು ಕೇಳಿದ ಮೇಲೆ ಅಮ್ಮನಿಗೆ ಗೌರವ ಬಂತು. "ನಮ್ಮತ್ತೆಯೂ ಹೀಗೇ ಇದ್ದರು" ಎಂದು, ಮುಂದಿನ ಪ್ರಶ್ನೆಯಾಗಿ ಗೋತ್ರ ಕೇಳಿದಳು.

ಗೋತ್ರಕ್ಕೇನೂ ಕೊರತೆಯಿಲ್ಲ. ಜಪಾನಿನ ಜೋಮೋನ್ ಕಾಲದ ನೆಲೆಗಳನ್ನು ಅಗೆದರೆ ಸಾವಿರಾರು ವರ್ಷ ಹಳೆಯ ನಾಯಿಮೂಳೆಗಳು ಸಿಗುತ್ತವೆ, ಕೆಲವನ್ನು ಮರ್ಯಾದೆಯಿಂದಲೇ ಹೂತಿದ್ದಾರೆ. ಗುಡ್ಡಗಾಡಿನಲ್ಲಿ ಹಕ್ಕಿ, ಮೊಲ ಬೇಟೆಗೆ ಜೊತೆಯಾಗಿದ್ದ ಈ ಸಣ್ಣ ನಾಯಿಗಳು ಮೇಜಿ ಚಕ್ರವರ್ತಿಯ ಕಾಲದಲ್ಲಿ (1868–1912) ಹಡಗು ಹತ್ತಿ ಬಂದ ಪರದೇಶಿ ನಾಯಿಗಳ ಜೊತೆ ಕಲಬೆರಕೆಯಾಗತೊಡಗಿದವು. ದೇಸಿ ತಳಿ ಉಳಿಸಲೆಂದೇ 1928ರಲ್ಲಿ ನಿಹೋನ್ ಕೆನ್ ಹೊಝೋನ್‌ಕಾಯ್ ಎಂಬ ಸಂಘ ಹುಟ್ಟಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಮನುಷ್ಯರಿಗೇ ಅನ್ನವಿಲ್ಲದ ಕಾಲ, ಬಾಂಬು, ಮೇಲಿಂದ ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗ. ಶಿಬಾಗಳು ಇಲ್ಲವಾಗುವ ಅಂಚಿಗೆ ಹೋದವು. ಶಿನ್‌ಶು, ಮಿನೊ, ಸಾನ್‌ಇನ್ ಸೀಮೆಗಳಲ್ಲಿ ಉಳಿದಿದ್ದವನ್ನು ಹುಡುಕಿ ಸಂಸಾರ ಹೂಡಿಸಿದರು. ಶಿಮಾನೆಯ ಬೆಟ್ಟದ ಹಳ್ಳಿಯಿಂದ ಬಂದ ಇಶಿ ಎಂಬ ಬೇಟೆನಾಯಿ ಇವತ್ತಿನ ಬಹುಪಾಲು ಶಿಬಾಗಳ ಮೂಲಪುರುಷ. "ಹಾಗಾದರೆ ಇಶಿ ಗೋತ್ರ" ಎಂದು ಅಮ್ಮ ಫೈಲ್ ಮುಚ್ಚಿದಳು.

ಕುಲ ದೊಡ್ಡದಾದಷ್ಟೂ ಉಗುರು ಕತ್ತರಿಸುವುದು ಕಷ್ಟ. ಹೆಂಡತಿ ಮೋಮೊಳನ್ನು ಟವೆಲಿನಲ್ಲಿ ಸುತ್ತಿ ಹಿಡಿದಿದ್ದಳು, ನಾನು ಕತ್ತರಿ ಎತ್ತಿದ್ದೆ, ಅಷ್ಟೇ. ಉಗುರಿಗೆ ತಾಗಿಯೂ ಇರಲಿಲ್ಲ. ಶಿಬಾ ಸ್ಕ್ರೀಮ್ ಎಂದು ಲೋಕಪ್ರಸಿದ್ಧವಾದ ಆ ಚೀತ್ಕಾರ ಹೊರಟಿತು ನೋಡಿ, ಅಮ್ಮ ಒಗ್ಗರಣೆ ಬಿಟ್ಟು ಓಡಿಬಂದಳು. ಜಪಾನಿನಲ್ಲಿ ಯಾರೂ ಬಾಗಿಲು ಬಡಿದು ಜಗಳಕ್ಕೆ ಬರುವುದಿಲ್ಲ. ಮರುದಿನ ಲಿಫ್ಟಿನಲ್ಲಿ ನಯವಾದ ಒಂದು ಚೀಟಿ ಅಂಟಿತ್ತು: ಕಟ್ಟಡದಲ್ಲಿ ಯಾರೋ ಸಂಕಟಪಡುತ್ತಿರುವ ಸದ್ದು ಕೇಳಿಬಂದಿದೆ, ನೆರವು ಬೇಕಾದವರು ದಯವಿಟ್ಟು ತಿಳಿಸಬೇಕು. ನೆರವು ನನಗೇ ಬೇಕಿತ್ತು. ಈಗ ಉಗುರಿನ ಕೆಲಸ ವೆಟ್ ಡಾಕ್ಟರದು, ಕೂಗು ಅವರ ಕಟ್ಟಡದ್ದು.

ಇನ್ನು ವಾಕಿಂಗು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ಅವಳು ಮೂತ್ರ ಮಾಡಿದಲ್ಲಿ ಸುರಿಯಲು ನೀರಿನ ಬಾಟಲಿ, ಇಲ್ಲಿನ ಶಿಷ್ಟಾಚಾರ ಅದು. ಬೇಸಿಗೆಯಲ್ಲಿ ಡಾಂಬರು ಕಾಯುವ ಮೊದಲೇ ಹೊರಟು ಬರಬೇಕು. ಹೊರಡುವುದು ನಮ್ಮ ಕೈಯಲ್ಲಿದೆ, ಬರುವುದು ಅವಳ ಇಷ್ಟ. ಮನಸ್ಸಿಲ್ಲದಿದ್ದರೆ ನಡುದಾರಿಯಲ್ಲಿ ಕುಕ್ಕರಿಸುತ್ತಾಳೆ. ಹಗ್ಗ ಎಳೆದರೆ ಕಾಲರ್ ಮೇಲೆ ಸರಿದು ಕೆನ್ನೆಯೆಲ್ಲ ಕಣ್ಣಿನವರೆಗೆ ಬಂದು ಒಟ್ಟಾಗುತ್ತದೆ, ಆದರೂ ಪೃಷ್ಠ ಏಳುವುದಿಲ್ಲ. ಈ ಭಂಗಿ ಇಲ್ಲಿ ಎಷ್ಟು ಮಾಮೂಲಿಯೆಂದರೆ, ಹೀಗೆ ಕೂರುವ ಶಿಬಾಗಳಿಗೆ ಜಪಾನಿನವರು ಬೇರೆ ಹೆಸರೇ ಇಟ್ಟಿದ್ದಾರೆ. ಸ್ಟೇಷನ್ ಎದುರು ಅಜ್ಜಿಯರು "ಕವಾಯಿ, ಕವಾಯಿ" (ಎಷ್ಟು ಮುದ್ದು) ಎಂದು ಫೋಟೊ ತೆಗೆಯುತ್ತಿದ್ದರೆ, ನಾನು ಆಫೀಸಿನ ಕಪ್ಪು ಸೂಟಿನಲ್ಲಿ ಎಂಟು ಕೆ.ಜಿ. ಸ್ಮಾರಕವನ್ನು ಎತ್ತಿಕೊಂಡು ಮನೆಗೆ ಬರುತ್ತೇನೆ. ಆಮೇಲೆ ಸೂಟಿನ ಬಣ್ಣ ಯಾವುದೆಂದು ಹೇಳುವುದು ಕಷ್ಟ.

ಏಕೆಂದರೆ ಶಿಬಾಗೆ ಎರಡು ಪದರ ರೋಮ. ಹೊರಗಿನದು ಒರಟು, ಒಳಗಿನದು ಬಿಳಿಯ ತುಪ್ಪಳ. ವರ್ಷಕ್ಕೆರಡು ಸಲ ಒಳಗಿನದು ಕಂತೆ ಕಂತೆಯಾಗಿ ಕಳಚುತ್ತದೆ. ದಿನಾ ಬಾಚಿದರೂ ಅನ್ನದ ಮೇಲೆ, ಲ್ಯಾಪ್‌ಟಾಪಿನ ಸಂದಿಯಲ್ಲಿ, ಎಲ್ಲೆಂದರಲ್ಲಿ. ಅಮ್ಮ ಹತ್ತಿ ಹಿಂಜಿ ಹೂಬತ್ತಿ ಹೊಸೆಯಲು ಕೂತದ್ದು ಅದೇ ವಾರ. ಶುಕ್ರವಾರ ಸಂಜೆ ದೀಪ ಹಚ್ಚಿದಾಗ ಬತ್ತಿ ಚಟಪಟ ಎಂದಿತು, ಮನೆತುಂಬ ಕೂದಲು ಸುಟ್ಟ ವಾಸನೆ. ಮೋಮೊ ದೂರದಿಂದಲೇ ಮೂಗು ಹಿಗ್ಗಿಸಿ, ತನಗೆ ಮೈಲಿಗೆಯಾಯಿತೆಂಬಂತೆ ಎದ್ದು ಬಾಲ್ಕನಿಗೆ ಹೋದಳು. ಅಮ್ಮ ಕಿಟಕಿ ತೆರೆದು, "ಆಗಲಿ, ಅವಳದೂ ಒಂದು ಸೇವೆ ಸಂದಿತು" ಎಂದಳು. ಹತ್ತಿಯ ಡಬ್ಬಿ ಈಗ ಫ್ರಿಜ್ಜಿನೊಳಗೆ, ದೋಸೆಹಿಟ್ಟಿನ ಪಕ್ಕದಲ್ಲಿದೆ.