ಬಿದ್ದಿಲ್ಲ ಅಂದ ಮಾತ್ರಕ್ಕೆ ಬೆನ್ನುಮೂಳೆ ಮುರಿದಿಲ್ಲ ಅಂತಲ್ಲ

ಇವತ್ತೂ ಅದೇ ಮಾತು ಕಿವಿಗೆ ಬಿತ್ತು. "ಅಮ್ಮ ಎಲ್ಲೂ ಬಿದ್ದಿಲ್ಲ, ಬಕೆಟ್ ಎತ್ತಿದ್ರು ಅಷ್ಟೇ. ಸೊಂಟ ಹಿಡ್ಕೊಂಡಿದೆ, ಎಣ್ಣೆ ಹಚ್ಚಿ ತಿಕ್ಕಿಸ್ತಿದೀವಿ." ಮೂರು ವಾರದಿಂದ! ನಿಮಗೆಲ್ಲ ಗೊತ್ತು, ಈ ವಿಷಯ ಬಂದರೆ ನನಗೆ ಸುಮ್ಮನಿರೋಕಾಗಲ್ಲ. ವಯಸ್ಸಾದವರ ಬೆನ್ನುಮೂಳೆ ಮುರಿಯೋಕೆ ಬೀಳಲೇಬೇಕು ಅಂತ ಹೇಳಿದ್ದು ಯಾರು?

ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆಯುವ ಕಾಯಿಲೆ ಬಂದವರಲ್ಲಿ ಮೂಳೆಯೊಳಗಿನ ಜಾಲರಿ ತೆಳ್ಳಗಾಗಿ ಅಲ್ಲಲ್ಲಿ ಕಡಿದಿರುತ್ತೆ. ಬಗ್ಗಿ ಭಾರ ಎತ್ತಿದರೆ ಸಾಕು, ಕೆಲವರಿಗೆ ಜೋರಾಗಿ ಕೆಮ್ಮಿದರೂ ಸಾಕು, ಬೆನ್ನಿನ ಮಣಿಮೂಳೆಯ ಮುಂಭಾಗ ಕುಸಿದು ಬೆಣೆಯ ಹಾಗಾಗುತ್ತೆ. ಇದೇ ಕಂಪ್ರೆಷನ್ ಫ್ರಾಕ್ಚರ್. ಪಕ್ಕೆಲುಬಿಗೆ ಬಿಗಿದುಕೊಂಡ ಬೆನ್ನು ಮುಗಿದು ಬಾಗುವ ಸೊಂಟ ಶುರುವಾಗುವ ಕಡೆ, ಅಂದರೆ ಎದೆಭಾಗದ ಕೊನೆಯ ಮಣಿಮೂಳೆ (ಟಿ12), ಸೊಂಟದ ಮೊದಲ ಮಣಿಮೂಳೆ (ಎಲ್1) ಆಸುಪಾಸಿನಲ್ಲೇ ಇದು ಹೆಚ್ಚು. ಮಲಗಿದರೆ ನೋವು ತಗ್ಗುತ್ತೆ, ಎದ್ದು ನಿಂತರೆ ಏರುತ್ತೆ, ನಡುಮೂಳೆಯ ಮೇಲೆ ಮೆಲ್ಲಗೆ ತಟ್ಟಿದರೆ ಆ ಜಾಗದಲ್ಲೇ ಚುಳುಕ್ ಅನ್ನುತ್ತೆ. ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಕುಗ್ಗಿದ್ದರೆ, ಯಾರಿಗೂ ಗೊತ್ತಾಗದೆ ಹೋದ ಹಳೇ ಮುರಿತದ ಅನುಮಾನ ಬರಲೇಬೇಕು. ಅಂಥ ಮೂಳೆಯ ಮೇಲೆ ಮೊಣಕೈ ಊರಿ ತಿಕ್ಕೋದಾ?

"ಬೆನ್ನುನೋವಿಗೆಲ್ಲ ಎಕ್ಸ್‌ರೇ ಬೇಡ" ಅಂತಾರೆ. ನಿಜ, 25ರ ಆರೋಗ್ಯವಂತರಿಗೆ. 70 ದಾಟಿದವರಿಗೆ, ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದವರಿಗೆ, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಆ ಮಾತು ಸಲ್ಲದು.

ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ 20%ಗಿಂತ ಹೆಚ್ಚು ಇಳಿದಿದ್ದರೆ ಮುರಿತ ಅಂತ ಲೆಕ್ಕ. ಆದರೆ ಎಕ್ಸ್‌ರೇ ಸರಿಯಿದೆ ಅಂತ ನಿರಾಳ ಆಗಬೇಡಿ, ಮೊದಲ ದಿನಗಳಲ್ಲಿ ಕುಸಿತ ಕಾಣಿಸದೇ ಇರಬಹುದು. ಮುರಿತ ಹೊಸದೋ ಹಳೆಯದೋ ಅಂತ ಹೇಳೋದು ಎಂಆರ್‌ಐ. ಹೊಸದಾದರೆ ಮಜ್ಜೆಯಲ್ಲಿ ಊತ ಕಾಣುತ್ತೆ, ಸೋಂಕೋ ಗಡ್ಡೆಯೋ ಇದ್ದರೆ ಅದೂ ಬಯಲಾಗುತ್ತೆ. ಎತ್ತರದಿಂದ ಬಿದ್ದವರ, ಅಪಘಾತವಾದವರ ದಾರಿಯೇ ಬೇರೆ. ಅಲ್ಲಿ ಸಿಟಿ ಸ್ಕ್ಯಾನ್ ಮೊದಲು, ಯಾಕಂದರೆ ಒಡೆದ ಮೂಳೆಯ ಚೂರು ಬೆನ್ನುಹುರಿಯ ಕಡೆ ಸರಿದಿದೆಯಾ ಅಂತ ನೋಡಬೇಕು. ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದಿದ್ದರೆ ಸೊಂಟಭಾಗದ ಬೆನ್ನುಮೂಳೆಯನ್ನೂ ಪರೀಕ್ಷಿಸಲೇಬೇಕು.

ಮೂಳೆ ಸವೆದು ಒಮ್ಮೆ ಬೆನ್ನು ಮುರಿದವರಿಗೆ ಇನ್ನೊಂದು ಮುರಿತದ ಅಪಾಯ ಹಲವು ಪಟ್ಟು. ಹಾಗಾಗಿ ನೋವು ಇಳಿಯಿತು ಅಂತ ಕೈಬಿಡದೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಮೂಳೆಗೆ ಚಿಕಿತ್ಸೆ ಶುರುಮಾಡಿ.

ಕಾಲು ಸೋಲುತ್ತಿದ್ದರೆ, ತೊಡೆಸಂದು ಮರಗಟ್ಟಿದ್ದರೆ, ಮೂತ್ರ ಕಟ್ಟಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.