ಫ್ಯಾನ್ ಕೆಳಗಿನ ಕೆಲಸ

ಮೊನ್ನೆ ಪಕ್ಕದ ಮನೆ ಅಕ್ಕ ಮಗಳನ್ನು ಕರೆದುಕೊಂಡು ಬಂದಿದ್ದರು. ಪಿಯುಸಿ ಮುಗಿದಿದೆ, ನರ್ಸಿಂಗ್‌ಗೆ ಸೇರಿಸಬೇಕಂತೆ. "ನಿಮ್ಮ ಹಾಗೆ ಫ್ಯಾನ್ ಕೆಳಗಿನ ಕೆಲಸ ಸಿಕ್ಕಿದರೆ ಸಾಕು ನೋಡಿ" ಅಂದರು. ನಾನು ಸೊಂಟಕ್ಕೆ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಕೂತಿದ್ದೆ. ನಗು ಬಂತು, ನಕ್ಕರೆ ಸೊಂಟ ಹಿಡಿಯಿತು.

ಮೆಡಿಕಲ್ ವಾರ್ಡ್‌ನಲ್ಲಿ ನನಗೆ 14 ವರ್ಷ. ಫ್ಯಾನ್ ಇದೆ, ಸುಳ್ಳಲ್ಲ. ಅದರ ಕೆಳಗೆ ಪೇಷೆಂಟ್ ಮಲಗಿರುತ್ತಾರೆ.

ಲಕ್ವ ಹೊಡೆದ ಒಬ್ಬ ಯಜಮಾನರು ಅಂದುಕೊಳ್ಳಿ. 80 ಕೆಜಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರ ಡ್ಯೂಟಿಯಲ್ಲಿ ಒಬ್ಬರಿಗೇ ಆರು ಸಲ. ಅಂಥವರು ನಾಲ್ಕು ಜನ ಇದ್ದರೆ? ನಡುವೆ ಅವರು ಮಂಚದಲ್ಲಿ ಕೆಳಗೆ ಜಾರಿರುತ್ತಾರೆ, ಮೇಲಕ್ಕೆ ಎಳೆಯಬೇಕು. ಬೆಡ್‌ಪ್ಯಾನ್ ಕೊಡಬೇಕು, ಒದ್ದೆಯಾದ ಬೆಡ್‌ಶೀಟ್ ಬದಲಿಸಬೇಕು. ಮಂಚ ಎತ್ತರಿಸೋಣ ಅಂದರೆ ಅದರ ಹ್ಯಾಂಡಲ್ ಕಳೆದು ಯಾವ ಕಾಲವಾಯಿತೋ. ಬಗ್ಗಿಯೇ ಮಾಡಬೇಕು.

ಯಾರದಾದರೂ ಹೃದಯ ನಿಂತರೆ ಎದೆ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲ ಐದು ಸೆಂಟಿಮೀಟರ್‌ನಷ್ಟು ಆಳಕ್ಕೆ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಅನ್ನುವುದು ನಿಯಮ. ಯಾಕೆಂದರೆ ಅಷ್ಟರಲ್ಲಿ ಎಂಥವರಿಗೂ ಸುಸ್ತಾಗುತ್ತದೆ. ಬದಲಿ ಕೈ ಇದ್ದರೆ ತಾನೆ!

ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆಯ ಬಗ್ಗೆ ಅಧ್ಯಯನ ಮಾಡುವ ನಯೋಷ್ ಅನ್ನುವ ಸಂಸ್ಥೆ ಒಂದು ಲೆಕ್ಕ ಕೊಟ್ಟಿದೆ. ಪೇಷೆಂಟ್‌ಗಳನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ 35 ಪೌಂಡ್‌ಗಿಂತ ಜಾಸ್ತಿ ಭಾರ ಬೀಳಬಾರದು. ಸುಮಾರು 16 ಕೆಜಿ. ಅಂಗಡಿಯ 25 ಕೆಜಿ ಸೋನಾ ಮಸೂರಿ ಮೂಟೆಗಿಂತ ಕಡಿಮೆ. ಮೂಟೆಯಾದರೂ ಸುಮ್ನೆ ಇರುತ್ತದೆ. ಮನುಷ್ಯ ಹೆದರಿ ಕುತ್ತಿಗೆಗೆ ಜೋತು ಬೀಳುತ್ತಾನೆ. ನನ್ನ ಸೊಂಟ ಹೋಗಿದ್ದೇ ಹಾಗೆ. ಬಾತ್‌ರೂಮಿನಲ್ಲಿ ಜಾರುತ್ತಿದ್ದ ಒಬ್ಬ ಅಜ್ಜಿ ನನ್ನನ್ನು ತಬ್ಬಿ ಹಿಡಿದರು. ಕಳಕ್ ಅಂತು. ಅಜ್ಜಿಗೆ ಏನೂ ಆಗಲಿಲ್ಲ, ಪುಣ್ಯ. ನನಗೆ ಸೊಂಟದ ಹತ್ತಿರದ ಎಲ್4-ಎಲ್5 ಬೆನ್ನುಮೂಳೆಗಳ ನಡುವಿನ ಡಿಸ್ಕ್ ಹೋಯಿತು.

ಕೆಲಸಕ್ಕೆ ಸೇರುವಾಗ ಫಿಟ್ನೆಸ್ ಸರ್ಟಿಫಿಕೇಟ್ ಕೇಳಿದ್ದರು. ಕಣ್ಣು, ಕಿವಿ, ಎತ್ತರ, ತೂಕ, ಎದೆಯ ಎಕ್ಸ್‌ರೇ ಎಲ್ಲ ನೋಡಿದರು. ಆ ಮೈಯನ್ನು ಹಾಗೇ ಉಳಿಸಿಕೊಳ್ಳಲು ಏನು ಬೇಕು ಅನ್ನುವ ಮಾತು ಆಮೇಲೆ ಒಬ್ಬರ ಬಾಯಲ್ಲೂ ಬರಲಿಲ್ಲ. ಗಟ್ಟಿ ಇರುವವರನ್ನೇ ಆರಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಪೈಲ್ವಾನರನ್ನು ತಂದು ನಿಲ್ಲಿಸಿದರೂ ಹತ್ತು ವರ್ಷಕ್ಕೆ ಇದೇ ಗತಿ. ನನ್ನ ಜೊತೆ ಓದಿದ ಉಡುಪಿ ಕಡೆಯವಳೊಬ್ಬಳು ಈಗ ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಪೇಷೆಂಟನ್ನು ಹೇಗೆ ಎತ್ತಬೇಕು ಅಂತ ತರಬೇತಿ ಕೊಡದೆ ವಾರ್ಡಿಗೆ ಬಿಡುವುದಿಲ್ಲವಂತೆ. ಎತ್ತಲು ಹಾಯಿಸ್ಟ್ ಅನ್ನುವ ಯಂತ್ರ, ಜಾರಿಸಲು ನುಣುಪಾದ ಶೀಟು. ಹಾಯಿಸ್ಟ್ ದುಬಾರಿ, ಒಪ್ಪುತ್ತೇನೆ. ಆದರೆ ಒಂದು ಜಾರುವ ಶೀಟು? ಒಂದು ಮಂಚದ ಹ್ಯಾಂಡಲ್? ನರ್ಸ್ ದಿನದಂದು ನಮ್ಮನ್ನು ದೇವತೆ ಅಂತ ಕರೆದು ಶಾಲು ಹೊದಿಸುತ್ತಾರೆ. ಆ ಶಾಲನ್ನೇ ಪೇಷೆಂಟ್ ಕೆಳಗೆ ಹಾಕಿ ಎಳೆಯಬಹುದಿತ್ತು, ಆದರೆ ಅದು ತುಂಬ ಚಿಕ್ಕದು.

ಅಂದಹಾಗೆ, ನಮ್ಮ ವಾರ್ಡಿನ ಆಯಮ್ಮನ ಮುಂದೆ ನನ್ನ ಕಷ್ಟ ಏನೂ ಅಲ್ಲ. ಟ್ರಾಲಿ ತಳ್ಳುವುದೂ ಅವರೇ, ನೆಲ ಒರೆಸುವುದೂ ಅವರೇ. ಗುತ್ತಿಗೆ ಕೆಲಸ. ರಜೆ ಹಾಕಿದರೆ ಸಂಬಳ ಕಟ್.

ಇದನ್ನೆಲ್ಲ ಹೇಳಿದ ಮೇಲೂ ಆ ಹುಡುಗಿ ಸೇರುತ್ತೇನೆ ಅಂದಳು. ಸರಿ, ಹಾಗಾದರೆ ಎಳೆಯುವುದನ್ನಾದರೂ ಕಲಿ ಅಂತ ನಮ್ಮ ಮನೆಯವರನ್ನೇ ಮಂಚದ ಮೇಲೆ ಮಲಗಿಸಿದೆ. ಒಂದು ಕಾಲು ಮುಂದೆ, ಮಂಡಿ ಮಡಚಿ, ಸೊಂಟ ತಿರುಗಿಸದೆ. ಬೆಡ್‌ಶೀಟಿನ ಒಂದು ಅಂಚು ಅವಳಿಗೆ, ಇನ್ನೊಂದು ಅವಳಮ್ಮನಿಗೆ. ನಾನು ಕೂತಲ್ಲಿಂದಲೇ ಒನ್, ಟೂ, ತ್ರೀ ಅಂದೆ. ಮೂರನೇ ಸಲಕ್ಕೆ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು "ಸ್ವಲ್ಪ ಫ್ಯಾನ್ ಹಾಕ್ರೀ" ಅಂದರು.

ಅದು ಆಗಲೇ ಜೋರಾಗಿ ತಿರುಗುತ್ತಿತ್ತು.