ಓದುವವರು ಒಬ್ಬರು, ಅನುಭವಿಸುವವರು ಮನೆಮಂದಿ

“ನಿಮ್ಮ ಬದುಕನ್ನೇ ಬದಲಿಸಿದ ಪುಸ್ತಕ ಯಾವುದು?” ಅಂತ ದೊಡ್ಡವರನ್ನು ಕೇಳುತ್ತಾರೆ. ಅವರೂ ಕನ್ನಡಕ ಸರಿಮಾಡಿಕೊಂಡು ಒಂದು ಹೆಸರು ಹೇಳುತ್ತಾರೆ. ಪಕ್ಕದಲ್ಲೇ ಕೂತ ಅವರ ಹೆಂಡತಿಯನ್ನೋ ಗಂಡನನ್ನೋ ಯಾರೂ ಕೇಳುವುದಿಲ್ಲ. ಕೇಳಬೇಕು. ಓದಿ ಬದಲಾಗುವವರು ಒಬ್ಬರು, ಆ ಬದಲಾವಣೆಯ ಜೊತೆ ಏಗಬೇಕಾದವರು ಇನ್ನೊಬ್ಬರು.

ನಮ್ಮ ಮೈಸೂರಿನ ಚಿಕ್ಕಪ್ಪನನ್ನೇ ತಗೊಳ್ಳಿ. ಕೆಲಸದಲ್ಲಿದ್ದಷ್ಟು ದಿನ ಮಹಾ ಕೋಪಿಷ್ಠ. ಹಾಲಿನವನು ಸ್ವಲ್ಪ ತಡವಾಗಿ ಬಂದರೂ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ನಿವೃತ್ತಿಯ ದಿನ ಆಫೀಸಿನವರು ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ ಕೊಟ್ಟು ಕಳಿಸಿದರು. 1943ರಲ್ಲಿ ಮೊದಲು ಅಚ್ಚಾದ ಕಗ್ಗ ಇವತ್ತಿಗೂ ಮದುವೆ, ಗೃಹಪ್ರವೇಶ, ಬೀಳ್ಕೊಡುಗೆ ಎಲ್ಲಕ್ಕೂ ಸಲ್ಲುವ ಉಡುಗೊರೆ. ನಮ್ಮ ಮನೆಯಲ್ಲೂ ಎರಡು ಮೂರು ಪ್ರತಿ ಇವೆ, ಒಂದನ್ನೂ ದುಡ್ಡು ಕೊಟ್ಟು ತಂದಿದ್ದಲ್ಲ. ಇರಲಿ. ಚಿಕ್ಕಪ್ಪನ ಮನೆಯಲ್ಲಿ ಹಣ್ಣು ಖಾಲಿಯಾಯಿತು, ಶಾಲು ಇನ್ಯಾರದೋ ಸನ್ಮಾನಕ್ಕೆ ಹೋಯಿತು, ಕಗ್ಗ ಉಳಿಯಿತು. ದಿನಕ್ಕೊಂದು ಪದ್ಯ ಅಂತ ಶುರು ಮಾಡಿದರು. ಒಟ್ಟು 945 ಪದ್ಯ. ಎರಡೂವರೆ ವರ್ಷ ಕಳೆದು ಕೊನೆಯ ಪದ್ಯ ಮುಟ್ಟುವಷ್ಟರಲ್ಲಿ ಮನುಷ್ಯ ಪೂರ್ತಿ ತಣ್ಣಗಾಗಿದ್ದರು.

ಎಷ್ಟು ತಣ್ಣಗೆ ಅಂದರೆ, ಬಚ್ಚಲುಮನೆಯ ನಲ್ಲಿ ಸೋರಿದರೂ ಸಿಟ್ಟು ಬರಲಿಲ್ಲ. ಹಿಂದೆ ಆಗಿದ್ದರೆ ಪ್ಲಂಬರ್‌ಗೆ ಫೋನಿನಲ್ಲೇ ಮಂಗಳಾರತಿ ಮಾಡಿ ಅರ್ಧ ಗಂಟೆಯಲ್ಲಿ ಕರೆಸುತ್ತಿದ್ದರು. ಈಗ ನಲ್ಲಿಯ ಮುಂದೆ ನಿಂತು ಒಂದು ಪದ್ಯ ಹೇಳಿ, ಅದರ ಅರ್ಥವನ್ನೂ ವಿವರಿಸಿ, ಕೆಳಗೆ ಬಕೆಟ್ ಇಟ್ಟು ಬಂದರು. ಬಕೆಟ್ ತುಂಬಿದಾಗ ಇನ್ನೊಂದು ಪದ್ಯ. “ಅದಕ್ಕೆ ಬೇಕಾಗಿರೋದು ಪದ್ಯ ಅಲ್ಲಾರೀ, ವಾಷರ್ರು” ಅಂತ ಚಿಕ್ಕಮ್ಮ ಒಳಗಿನಿಂದ ಕೂಗುತ್ತಿದ್ದರು. ಕೊನೆಗೆ ಅವರೇ ಅಂಗಡಿಗೆ ಹೋಗಿ ವಾಷರ್ ತಂದರು. ಈ ವಯಸ್ಸಿನಲ್ಲಿ ಅವರು ಸ್ಪ್ಯಾನರ್ ಹಿಡಿಯುವುದನ್ನು ಕಲಿತಿದ್ದು ಕಗ್ಗದ ದೆಸೆಯಿಂದ.

ನಲ್ಲಿ ಹೇಗೋ ಸರಿಹೋಯಿತು. ಆಟೊದಲ್ಲಿ ಆಗಿದ್ದು ಮಾತ್ರ ಇನ್ನೂ ಸರಿಹೋಗಿಲ್ಲ. ನೆಂಟರೊಬ್ಬರ ಮಗಳ ಮದುವೆ. ಛತ್ರಕ್ಕೆ ಹೊರಟ ಆಟೊದಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ಜೊತೆಗೆ ಹುಡುಗಿಯ ಸೋದರತ್ತೆ. ಅವರ ತೊಡೆಯ ಮೇಲೆ ಧಾರೆ ಸೀರೆಯ ತಟ್ಟೆ. ಮುಹೂರ್ತಕ್ಕೆ ಇನ್ನು ಸ್ವಲ್ಪವೇ ಹೊತ್ತು. ನಡುರಸ್ತೆಯಲ್ಲಿ ಆಟೊ ಕೆಮ್ಮಿ ನಿಂತಿತು. ಡ್ರೈವರ್ ಇಳಿದು ಹಿಂದೆ ಹೋದ. ಚಿಕ್ಕಪ್ಪನಿಗೆ ಜಟಕಾಬಂಡಿಯ ಪದ್ಯ ನೆನಪಾಯಿತು. ಬದುಕು ಗಾಡಿ, ವಿಧಿ ಅದನ್ನು ಹೊಡೆಯುವವನು, ನಾವು ಕುದುರೆ ಅನ್ನುವ ಪದ್ಯ. ಸಂದರ್ಭಕ್ಕೆ ಇದಕ್ಕಿಂತ ಒಪ್ಪುವುದು ಇನ್ನೇನಿದೆ? ಕಣ್ಣು ಮುಚ್ಚಿ ರಾಗವಾಗಿ ಶುರು ಮಾಡಿದರು. ಮೊದಲೆರಡು ಸಾಲು ಸುಸೂತ್ರವಾಗಿ ಹೋಯಿತು. ಮೂರನೆಯ ಸಾಲಿನಲ್ಲಿ “ಮದುವೆಗೋ ಮಸಣಕೋ” ಅಂತ ಬರುತ್ತದಲ್ಲ, ಅದನ್ನು ಇನ್ನಷ್ಟು ಎಳೆದು ಹಾಡಿದರು.

“ಅಯ್ಯೋ, ಬಿಡ್ತು ಅನ್ನಿ!” ಸೋದರತ್ತೆ ತಟ್ಟೆ ಎದೆಗವಚಿಕೊಂಡು ಕೂಗಿದರು.

ಕಾಲು ಜಾರಿದರೂ ಆತುಕೊಳ್ಳಲು ನೆಲ ಇದ್ದೇ ಇದೆ ಅನ್ನುವ ಸಮಾಧಾನ ನಾಲ್ಕನೆಯ ಸಾಲಿನಲ್ಲಿದೆ. ಅದನ್ನು ಕೇಳಲು ಅವರು ಇರಲಿಲ್ಲ. ಇಳಿದು ಬೇರೆ ಆಟೊ ಹತ್ತಿಯಾಗಿತ್ತು. ಆ ಹುಡುಗಿ ಗಂಡ, ಮಕ್ಕಳು ಅಂತ ಚೆನ್ನಾಗಿಯೇ ಇದ್ದಾಳೆ. ಸೋದರತ್ತೆ ಮಾತ್ರ ಚಿಕ್ಕಪ್ಪ ಎದುರು ಸಿಕ್ಕರೆ ಇವತ್ತಿಗೂ ಆ ಕಡೆ ತಿರುಗಿಕೊಂಡು ಹೋಗುತ್ತಾರೆ. ಚಿಕ್ಕಪ್ಪನಿಗೆ ಅದರ ಬೇಸರವಿಲ್ಲ. ಅದಕ್ಕೂ ಒಂದು ಪದ್ಯ ಇದೆಯಂತೆ.

ನಮ್ಮ ಮನೆಯವರದು ಬೇರೆಯೇ ಕತೆ. ಅವರು ಓದುವವರೇ ಅಲ್ಲ. ಪೇಪರಿನಲ್ಲಿ ಕ್ರಿಕೆಟ್ ಪುಟ, ಅದು ಬಿಟ್ಟರೆ ಕರೆಂಟ್ ಬಿಲ್ಲು. ಅಂಥವರ ಕೈಗೆ ಆಫೀಸಿನ ಗೆಳೆಯರೊಬ್ಬರು ಮನೆ ಓರಣವಾಗಿಡುವ ಪುಸ್ತಕವೊಂದನ್ನು ಕೊಟ್ಟರು. ಜಪಾನಿನ ಹೆಣ್ಣುಮಗಳೊಬ್ಬಳು ಬರೆದದ್ದು. ಒಂದು ಬಗೆಯ ಸಾಮಾನನ್ನೆಲ್ಲ ಒಂದೇ ಕಡೆ ರಾಶಿ ಹಾಕಬೇಕು, ಒಂದೊಂದನ್ನೇ ಕೈಗೆತ್ತಿಕೊಂಡು ಇದು ಖುಷಿ ಕೊಡುತ್ತದೆಯೇ ಅಂತ ಕೇಳಿಕೊಳ್ಳಬೇಕು, ಕೊಡದಿದ್ದರೆ ಥ್ಯಾಂಕ್ಸ್ ಹೇಳಿ ಕಳಿಸಿಬಿಡಬೇಕು. ಮೊದಲು ಬಟ್ಟೆ, ಆಮೇಲೆ ಪುಸ್ತಕ. ಉಪಾಯವೇನೋ ಚೆನ್ನಾಗಿಯೇ ಇದೆ. ಒಂಟಿಯಾಗಿರುವವರಿಗೆ.

ಬಟ್ಟೆ ಅಂದರೆ ನನ್ನ ಬಟ್ಟೆ ಅಂತ ಅವರು ತಿಳಿದುಕೊಂಡರು. ಭಾನುವಾರ ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಸೀರೆಗಳೆಲ್ಲ ಮಂಚದ ಮೇಲೆ. ಪಕ್ಕದಲ್ಲಿ ಅವರದೂ ಒಂದು ಸಣ್ಣ ಗುಡ್ಡೆ. ತೂತು ಬಿದ್ದ ಬನಿಯನ್ನುಗಳು ಒಂದೂ ಬಿಡದೆ ಅವರಿಗೆ ಖುಷಿ ಕೊಟ್ಟಿದ್ದವು. ಅಮ್ಮ ಕೊಟ್ಟ ಇಳಕಲ್ ಸೀರೆಯನ್ನು ಎತ್ತಿ ಹಿಡಿದು, “ಇದು ಖುಷಿ ಕೊಡುತ್ತಾ?” ಅಂತ ಗಂಭೀರವಾಗಿ ಕೇಳಿದರು.

“ನೀವು ಕೆಳಗಿಟ್ಟರೆ ಕೊಡುತ್ತೆ” ಅಂದೆ.

ಸರಿ, ಸೀರೆ ಬಿಟ್ಟು ಪುಸ್ತಕಕ್ಕೆ ಬಂದರು. ಬೀರುವಿನ ಮೇಲೆ ಅಪ್ಪ ನನಗೆ ಕೊಟ್ಟ ಕಿಟ್ಟೆಲ್ ನಿಘಂಟು ಇತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಬಂದ ಕೋಶದ ಮರುಮುದ್ರಣ. 1700ಕ್ಕೂ ಹೆಚ್ಚು ಪುಟ, ಒಂದೇ ಬೈಂಡು. ಸ್ಟೂಲ್ ಹತ್ತಿದ ಇವರು ಅದನ್ನು ಒಂದೇ ಕೈಯಲ್ಲಿ ಎಳೆದರು. ಇವರ ಜೀವಮಾನದಲ್ಲಿ ಕೈಗೆತ್ತಿಕೊಂಡ ಪುಸ್ತಕಗಳೆಲ್ಲ ತೆಳ್ಳಗಿನವು, ಪಾಪ. ಸ್ಟೂಲಿನ ಅಂಚಿಗೆ ಬಡಿದು, ಅಲ್ಲಿಂದ ಸೀದಾ ಬಲಗಾಲಿನ ಹೆಬ್ಬೆರಳಿನ ಮೇಲೆ.

“ಏನು ಬಿತ್ತು?” ಡಾಕ್ಟರ್ ಕೇಳಿದರು.

“ಪುಸ್ತಕ.”

ಡಾಕ್ಟರ್ ಪೆನ್ನು ಕೆಳಗಿಟ್ಟು, ಊದಿದ ಬೆರಳನ್ನೂ ನನ್ನನ್ನೂ ಒಮ್ಮೆ ನೋಡಿದರು. “ಬಿತ್ತಾ, ಅಥವಾ...?”

ಎಕ್ಸ್‌ರೇಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಕಾಲು ದಿಂಬಿನ ಮೇಲೆ ಇಟ್ಟುಕೊಂಡು ಮಲಗಿದ್ದಷ್ಟು ದಿನದಲ್ಲಿ ಸೀರೆಗಳು ಬೀರುವಿಗೆ, ಜಪಾನಿನ ಪುಸ್ತಕ ಗೆಳೆಯರ ಮನೆಗೆ ವಾಪಸ್ ಹೋದವು. ಚಳಿ ಬಂದರೆ ಆ ಬೆರಳು ಈಗಲೂ ಜುಮ್ಮೆನ್ನುತ್ತದಂತೆ. ನಮ್ಮಪ್ಪ ವರ್ಷಗಟ್ಟಲೆ ಆ ನಿಘಂಟಿನ ಪುಟ ತಿರುವಿದವರು. ಆದರೂ ಅದರ ಪ್ರಭಾವ ಮೂಳೆಯವರೆಗೆ ಇಳಿದದ್ದು ಒಂದು ಪುಟವನ್ನೂ ತೆರೆಯದ ಅಳಿಯನಿಗೆ.

ಇವರನ್ನೆಲ್ಲ ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ ಅಂತ ಅಕ್ಕ ಹೇಳುತ್ತಾಳೆ. ಅವಳಿಗೆ ಅವಳದೇ ಕಾರಣ ಇದೆ.

ಅಕ್ಕನ ಮನೆ ಕೊಪ್ಪದ ಹತ್ತಿರ. ಮನೆ ಹಿಂದೆಯೇ ಅಡಿಕೆ ತೋಟ. ನಾನು ತೇಜಸ್ವಿಯವರ ‘ಕರ್ವಾಲೊ’ ಓದಿದ್ದು ಕಾಲೇಜಿನಲ್ಲಿ. 1980ರ ಕಾದಂಬರಿ ಅದು. ವಿಜ್ಞಾನಿ ಕರ್ವಾಲೊ, ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಅನ್ನುವ ನಾಯಿ, ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕುತ್ತಾ ಕಾಡಿಗೆ ಹೋಗುತ್ತಾರೆ. ಓದಿದ ಮೇಲೆ ನನ್ನ ಕತ್ತು ನೆಟ್ಟಗೆ ನಿಂತಿಲ್ಲ. ಎಲ್ಲೇ ಮರ ಕಂಡರೂ ಕಣ್ಣು ಮೇಲಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಿ ಅದರಿಂದ ಆಗುವುದು ಹೆಚ್ಚೆಂದರೆ ಗುಂಡಿಗೆ ಕಾಲಿಡುವುದು. ಹಾರುವ ಓತಿ ಅಡಿಕೆ ತೋಟದಲ್ಲೂ ಇರುತ್ತದೆ ಅಂತ ಗೊತ್ತಾದ ಮೇಲೆ ಬೈನಾಕ್ಯುಲರ್ ಕೊಂಡೆ. ದಸರಾ ರಜೆಗೆ ಅಕ್ಕನ ಮನೆಗೆ ಹೋದವಳು ಬೆಳಗ್ಗೆ ತಿಂಡಿ ಮುಗಿಸಿ, ಟೋಪಿ ಹಾಕಿಕೊಂಡು, ನೋಟ್‌ಬುಕ್ ಹಿಡಿದು ತೋಟಕ್ಕೆ ಇಳಿದೆ. ಒಂದೊಂದೇ ಮರದ ಬುಡದಲ್ಲಿ ನಿಂತು ಕೆಳಗಿನಿಂದ ಮೇಲಿನವರೆಗೆ ನೋಡುವುದು, ಗುರುತು ಹಾಕಿಕೊಳ್ಳುವುದು, ಮುಂದಿನ ಮರಕ್ಕೆ ಹೋಗುವುದು.

ಮಲೆನಾಡಿನ ತೋಟಗಳಿಗೆ ಕೆಲವು ವರ್ಷಗಳಿಂದ ಎಲೆಚುಕ್ಕಿ ರೋಗ ಬಡಿದಿದೆ. ಸೋಗೆಯ ಮೇಲೆ ಸಣ್ಣ ಚುಕ್ಕಿಯಾಗಿ ಶುರುವಾಗಿ, ಸೋಗೆಯನ್ನೇ ಒಣಗಿಸಿ, ಫಸಲಿಗೆ ಕೈ ಹಾಕುತ್ತದೆ. ಅಲ್ಲಿನವರಿಗೆ ರಾತ್ರಿ ನಿದ್ದೆ ಕೆಡಿಸಿದ ರೋಗ. ಹೀಗಿರುವಾಗ ಬೆಂಗಳೂರಿನ ಕಡೆಯ ಹೆಂಗಸೊಬ್ಬಳು ಯಂತ್ರ ಹಿಡಿದು ಮರಮರ ನೋಡಿ ಬರೆದುಕೊಳ್ಳುತ್ತಿದ್ದರೆ ಬೇಲಿಯಾಚೆಯವರು ಏನಂತ ತಿಳಿಯಬೇಕು? ಮಧ್ಯಾಹ್ನದ ಹೊತ್ತಿಗೆ ಅಕ್ಕನ ಮನೆಯ ಜಗಲಿಯಲ್ಲಿ ಜನ. ಒಬ್ಬೊಬ್ಬರ ಕೈಯಲ್ಲೂ ಚುಕ್ಕಿ ಬಿದ್ದ ಸೋಗೆ.

“ಮೇಡಂ, ನಮ್ಮ ತೋಟಕ್ಕೂ ಒಂದು ಸಲ ಬನ್ನಿ ಮಾರಾಯ್ರೆ.”

“ಪರಿಹಾರ ಎಕರೆ ಲೆಕ್ಕದಲ್ಲೋ, ಮರದ ಲೆಕ್ಕದಲ್ಲೋ?”

ನಾನು ಓತಿ ನೋಡಲು ಬಂದವಳು ಅಂತ ನಿಜವನ್ನೇ ಹೇಳಿದೆ. ಯಾರೂ ನಂಬಲಿಲ್ಲ. “ಮೇಲಿನವರು ಬಾಯಿ ಬಿಡಬೇಡಿ ಅಂದಿರ್ತಾರೆ, ಪಾಪ” ಅಂತ ವಯಸ್ಸಾದವರೊಬ್ಬರು ನನ್ನ ಪರವಾಗಿ ಮಾತಾಡಿದರು. ಅಕ್ಕ ಬಂದವರಿಗೆಲ್ಲ ಕಾಫಿ ಮಾಡಿ ಮಾಡಿ ಡಿಕಾಕ್ಷನ್ ಮುಗಿಸಿದಳು. ಎರಡನೆಯ ಸಲಕ್ಕೆ ಫಿಲ್ಟರಿಗೆ ಪುಡಿ ಹಾಕುವಾಗ ಅವಳು ನನ್ನತ್ತ ಬೀರಿದ ನೋಟವನ್ನು ನಾನು ಬರೆಯುವುದಿಲ್ಲ.

ಓತಿಯನ್ನು ಕೊನೆಗೂ ತೋರಿಸಿದ್ದು ಅಡಿಕೆ ಗೊನೆ ಕೊಯ್ಯಲು ಬಂದಿದ್ದವನು. “ಇದಾ ನೀವು ಹುಡುಕ್ತಿರದು? ಇದು ದಿನಾ ಇಲ್ಲೇ ಇರ್ತದಲ್ಲ” ಅಂತ ನಾನು ಬೆಳಗ್ಗೆಯೇ ಟಿಕ್ ಹಾಕಿದ್ದ ಮರಕ್ಕೆ ಬೆರಳು ತೋರಿಸಿದ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಮರದ ಬೂದುಬಣ್ಣದ ಒಂದು ತುಣುಕು ಕತ್ತು ಆಡಿಸಿತು. ಗಂಟಲಿನ ಕೆಳಗಿಂದ ಹಳದಿ ನಾಲಿಗೆಯಂಥದ್ದೊಂದು ಚೂಪಾಗಿ ಹೊರಬಂದು ಒಳಗೆ ಹೋಯಿತು. ತೊಗಟೆಗೆ ಅಂಟಿಕೊಂಡೇ ಸರಸರ ಮೇಲೆ ಹೋಗಿ, ಒಂದು ಕ್ಷಣ ನಿಂತು, ಪಕ್ಕೆಲುಬು ಅಗಲಿಸಿ, ಚರ್ಮದ ರೆಕ್ಕೆ ಬಿಚ್ಚಿ, ಪಕ್ಕದ ಸಾಲಿನ ಮರಕ್ಕೆ ಇಳಿಜಾರಾಗಿ ತೇಲಿತು. ನಾನು ಕಿರುಚಿದೆ. ಜಗಲಿಯಲ್ಲಿದ್ದವರೆಲ್ಲ ಹೊಸ ರೋಗವೇ ಸಿಕ್ಕಿತೆಂದು ತೋಟಕ್ಕೆ ಓಡಿ ಬಂದರು.

ಈ ಸಲದ ರಜೆಗೂ ಹೊರಟಿದ್ದೇವೆ. ನಿನ್ನೆ ರಾತ್ರಿ ಭಾವ ಫೋನ್ ಮಾಡಿದ್ದರು. ಯಾವ ಬಸ್ಸು, ಎಷ್ಟು ಹೊತ್ತಿಗೆ ಅಂತ ವಿಚಾರಿಸಿಕೊಂಡ ಮೇಲೆ ಕೇಳಿದರು: “ಈಗ ಎಂಥ ಓದ್ತಾ ಇದ್ದೀಯ ಮಾರಾಯ್ತಿ? ಮೊದಲೇ ಹೇಳಿಬಿಡು. ಊರಿನವರಿಗೆ ತಿಳಿಸ್ಬೇಕು.”